ಗಂಗವ್ವ ತಡೆದ ಹಾರ

ಇಲ್ಲಿನ ಕೆಲವು ವಿವರಗಳು ತಪ್ಪಿರಬಹುದು. ಕ್ಯಾನ್ವಾಸಿನ ಅಳತೆ, ಗಂಗವ್ವನ ಸೀರೆಯ ಬಣ್ಣ, ಚಿತ್ರ ಅನಾವರಣವಾದ ದಿನದ ವಾರ: ನನ್ನ ದಿನಚರಿಯಲ್ಲಿ ಒಂದಿದೆ, ನೆನಪಿನಲ್ಲಿ ಇನ್ನೊಂದಿದೆ. ಆಕೆಯ ಮಾತುಗಳು ಮಾತ್ರ ಎರಡರಲ್ಲೂ ಒಂದೇ.

೧೯೯೯. ಆಗ ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಕಾರ್ಗಿಲ್‌ನಲ್ಲಿ ಯುದ್ಧ ನಡೆದಿತ್ತು. ಯಾವ ವಿಷಯ ಕೊಟ್ಟರೂ ಮಕ್ಕಳು ಟ್ಯಾಂಕು, ಬಾವುಟ ಬಿಡಿಸುತ್ತಿದ್ದರು. "ಬೆಂಕಿಗೆ ಕೇಸರಿ ಜಾಸ್ತಿ ಆತು" ಎಂದು ತಿದ್ದುತ್ತ ನಾನು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದೆ. ನನ್ನ ತಮ್ಮ ಶೇಖರ ಅದೇ ಗಡಿಯಲ್ಲಿ ಸಿಪಾಯಿ. ಐದು ವಾರಗಳಿಂದ ಅವನ ಕಾಗದ ಬಂದಿರಲಿಲ್ಲ.

ಅಂಥ ದಿನಗಳಲ್ಲಿ ಗರಗದ ಕಡೆಯ ಒಂದು ಹಳ್ಳಿಯ ಹೆಡ್‌ಮಾಸ್ತರರು ಬಂದರು. ಅವರ ಶಾಲೆಯಲ್ಲಿ ಕಲಿತ ಬಸವರಾಜ ಎಂಬ ಯೋಧ ಅದೇ ಯುದ್ಧದಲ್ಲಿ ತೀರಿಕೊಂಡಿದ್ದ. ಹತ್ತು ದಿನದಲ್ಲಿ ಶಾಲೆಗೆ ಅವನ ತೈಲಚಿತ್ರ ಬೇಕಿತ್ತು. ಹೆಬ್ಬೆರಳಿನಷ್ಟು ದೊಡ್ಡ ಫೋಟೋ ಒಂದನ್ನು ಮೇಜಿನ ಮೇಲಿಟ್ಟರು.

"ಇದೊಂದ ಐತ್ರಿ ಅಕ್ಕಾರ. ಅವರವ್ವ ಗಂಗವ್ವ ಕೊಡಾಕ ಒಲ್ಲೆ ಅಂದ್ಲು, ಜುಲುಮಿ ಮಾಡಿ ತಂದೇನಿ. ಮೀಸಿ ಮಾತ್ರ ಒಂಚೂರು ದಪ್ಪ ಮಾಡ್ರಿ. ಯೋಧ ಅಂದ್ರ ಯೋಧನಂಗ ಕಾಣಬೇಕಲ್ರಿ!"

ಫೋಟೋದ ಮೇಲೆ ಸಣ್ಣ ಚೌಕಗಳನ್ನೆಳೆದು, ಕ್ಯಾನ್ವಾಸಿನ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಹಾಕಿ, ಒಂದೊಂದನ್ನೇ ನೋಡಿ ತುಂಬುವುದು ನಮ್ಮ ಪದ್ಧತಿ. ಆದರೆ ಆ ಫೋಟೋದಲ್ಲಿ ಕಣ್ಣುಗಳು ಎರಡು ಕಪ್ಪು ಕಲೆ, ದವಡೆ ಬರೀ ನೆರಳು. ಹೆಗಲು, ಕಾಲರಿಗೆಂದು ಶೇಖರನ ಸಮವಸ್ತ್ರದ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡೆ. ಗಂಗವ್ವನನ್ನು ಒಮ್ಮೆ ಹೋಗಿ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಚಿತ್ರ ಮುಗಿದಾಗ ಚೆನ್ನಾಗಿ ಬಂದಿದೆ ಎನಿಸಿತ್ತು. ಅದನ್ನೂ ದಿನಚರಿಯಲ್ಲಿ ಬರೆದಿದ್ದೇನೆ.

ಅನಾವರಣಕ್ಕೆ ಊರೇ ಶಾಲೆಯ ಅಂಗಳದಲ್ಲಿ ಕೂತಿತ್ತು. ಹೆಡ್‌ಮಾಸ್ತರರು ಪರದೆ ಸರಿಸಿ, ಚೆಂಡು ಹೂವಿನ ಹಾರ ಹಿಡಿದು ನಿಂತರು. ಗಂಗವ್ವ ಚಿತ್ರದ ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

"ಇವ ಯಾರ ಮಗಾರೀ?"

"ನಿನ್ನ ಬಸೂನ ಅದಾನಬೇ, ನೆಟ್ಟಗ ನೋಡು," ಎಂದರು ಹೆಡ್‌ಮಾಸ್ತರರು.

"ಹಡದಾಕಿಗೆ ನೋಡಾಕ ಕಲಸ್ತೀರೇನ್ರಿ? ನನ್ನ ಬಸೂಗ ಮೀಸಿನ ಸರಿಯಾಗಿ ಬಂದಿದ್ದಿಲ್ಲ. ಈ ಕಣ್ಣು ಅವನವಲ್ಲ."

ಆಗ ನಾನೂ ನೋಡಿದೆ. ಹುಬ್ಬು, ದವಡೆ, ತುಟಿಯ ಅಂಚು ಎಲ್ಲವೂ ಶೇಖರನವು. ಮೊದಲ ಸಲ ಕಂಡವಳಂತೆ ಗಾಬರಿಯಾದೆ.

"ನನ್ನ ತಮ್ಮನ ಮುಖ ಬಂದುಬಿಟ್ಟದ ಗಂಗವ್ವಾ. ತಪ್ಪಾತು. ಅವನೂ ಅಲ್ಲೇ ಅದಾನ."

"ಸುದ್ದಿ ಏನರ ಬಂತೇನ್ರಿ?"

"ಇಲ್ಲ."

ಆಕೆ ಹೆಡ್‌ಮಾಸ್ತರರ ಕೈಯಿಂದ ಹಾರ ಕಸಿದುಕೊಂಡಳು. "ಇದಕ್ಕ ಹಾರ ಹಾಕಬ್ಯಾಡ್ರಿ. ಇವ ಬದುಕಿರೋ ಮಗ."

ಭಾಷಣಗಳು ಮುಗಿಯುವವರೆಗೂ ಆ ಹಾರ ಆಕೆಯ ಉಡಿಯಲ್ಲೇ ಇತ್ತು.

ನಂತರ ಮೂರು ಭಾನುವಾರ ಆ ಹಳ್ಳಿಯ ಶಾಲೆಗೆ ಹೋಗಿ, ಆಕೆಯನ್ನು ಎದುರಿಗೆ ಕೂರಿಸಿಕೊಂಡು ಗೋಡೆಯ ಮೇಲಿನ ಚಿತ್ರದ ಮುಖ ತಿದ್ದಿದೆ. ಎಡಹುಬ್ಬಿನ ಮೇಲೆ ಕುಡುಗೋಲು ತಾಗಿದ ಗೆರೆ, ತುಸು ಮುಂದೆ ಬಾಗಿದ ಕಿವಿ, ಎಳೆಯ ಮೀಸೆ. "ಹೌದು" ಎಂದು ಆಕೆ ಒಮ್ಮೆಯೂ ಅನ್ನಲಿಲ್ಲ. ಮೂರನೆಯ ಭಾನುವಾರ, "ಸನೇಕ ಬಂದಾನ್ರಿ," ಎಂದಳು; ಹತ್ತಿರ ಬಂದಿದ್ದಾನೆ, ಅಷ್ಟೇ. ಅಂದಿನ ಒಣಗಿದ ಹಾರವನ್ನೇ ಮನೆಯಿಂದ ತರಿಸಿ ತಾನೇ ಹಾಕಿದಳು. ಮುಖ ತಪ್ಪಾಗಿದ್ದಷ್ಟು ದಿನ ಆ ಗೋಡೆಯ ಮೇಲೆ ಯಾರೂ ಸತ್ತಿರಲಿಲ್ಲ. ನಾನು ತಿದ್ದಿದ್ದು ಒಳ್ಳೆಯದಾಯಿತೋ ಇಲ್ಲವೋ, ಇಂದಿಗೂ ತಿಳಿಯದು.

ಹೊರಡುವಾಗ ಆಕೆ ಕೇಳಿದ್ದು ಒಂದೇ: "ತಮ್ಮ ಬಂದ ಮ್ಯಾಲೆ ಒಮ್ಮೆ ಕರಕೊಂಡ ಬರ್ರಿ ಅಕ್ಕಾರ. ಕಣ್ತುಂಬ ನೋಡ್ತೇನಿ." ಕರೆತರುತ್ತೇನೆಂದು ಮಾತು ಕೊಟ್ಟೆ.

ಕಾಣದಿರುವ ಕಡೆ ಕೈ ತನಗೆ ಗೊತ್ತಿರುವುದನ್ನೇ ತುಂಬಿಬಿಡುತ್ತದೆ. ನಿವೃತ್ತಳಾಗುವವರೆಗೂ ಮಕ್ಕಳಿಗೆ ಹೇಳಿದೆ: ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಹೋಗಿ ಕೇಳಿ ಬನ್ನಿ.

ಶೇಖರ ಮರಳಿ ಬಂದ. ಈಗ ಗೋಕುಲ ರಸ್ತೆಯಲ್ಲಿ ಮನೆ ಮಾಡಿದ್ದಾನೆ. ಯುದ್ಧದ ಮಾತು ತೆಗೆದರೆ ಎದ್ದು ಹೋಗುತ್ತಾನೆ. ಗಂಗವ್ವನಿಗೆ ಕೊಟ್ಟ ಮಾತು ಹಾಗೇ ಉಳಿದಿದೆ. ಗಂಗವ್ವನ ಕಣ್ಣು ಮಂಜಾಗುತ್ತಿದೆಯೆಂದು ಹೋದ ತಿಂಗಳು ತಿಳಿಯಿತು. ಅಂದೇ ಅವನ ಮನೆಗೆ ಹೋಗಿ ಕೇಳಿದೆ. ಅವನು ಚಹದ ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಬಾಗಿಲವರೆಗೆ ಹಿಂದೆ ಹೋಗಿ ಮತ್ತೆ ಕೇಳಿದೆ:

"ಶೇಖರಾ, ಆಕಿಗೆ ಇನ್ನೂ ಕಣ್ಣು ಕಾಣೂವಾಗನ ಒಮ್ಮೆ ಬರ್ತಿಯೇನೋ?"