ಎತ್ತಿ ಕಟ್ಟದ ಜಡೆ

ಶಾರದಳ ಜಡೆ ಎತ್ತಿ ಕಟ್ಟಿರಲಿಲ್ಲ. ಕಟ್ಟಿತ್ತು ಎಂದು ನಾನು ಸುಳ್ಳು ಹೇಳಿದೆ. ಆ ಒಂದು ಮಾತಿನಿಂದ ಅವಳು ಇಲ್ಲದ ಕ್ಷಯರೋಗವನ್ನು ಹೊತ್ತುಕೊಂಡು ಮನೆಗೆ ಹೋದಳು. ನಾನು ಎಕ್ಸ್‌ರೇ ಕೆಲಸ ಕಲಿತು ತರೀಕೆರೆಯಲ್ಲಿ ನೌಕರಿ ಹಿಡಿದೆ.

ಮೊದಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ನಿಧಾನವಾಗಿ ಹೇಳುತ್ತಾ ಹೋದರೆ ನಡುವೆ ಎಲ್ಲಾದರೂ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡೇನು ಎಂಬ ಭಯ.

ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು, ಗಂಡಸರನ್ನೂ ಸೇರಿಸಿ. ಕಡೂರಿನ ಪಕ್ಕದ ನಮ್ಮ ಹಳ್ಳಿಯಿಂದ ನಡೆದು, ಬಸ್ಸಿಗೆ ಕಾದು, ಬೇರೆಯವರ ಮನೆಯ ಹಿಂದಿನ ಕೋಣೆಯಲ್ಲಿ ಉಳಿದು ಓದಿದ್ದೇನೆ. ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ತಪ್ಪು ಒಪ್ಪಿಕೊಳ್ಳುವವಳು ಹೆಮ್ಮೆಯನ್ನೂ ಬಿಡಬೇಕೆಂದೇನಿಲ್ಲ. ಆದರೆ ಆ ಹೆಮ್ಮೆ ನನ್ನಿಂದ ಏನು ಮಾಡಿಸಿತು ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಪದವಿ ಮುಗಿದ ಮೇಲೆ, ದೂರದ ಕಾಲೇಜೊಂದರಲ್ಲಿ ಎಕ್ಸ್‌ರೇ ಕೆಲಸವನ್ನು ಪರಿಚಯ ಮಾಡಿಕೊಡುವ ತರಗತಿ ನಡೆಯುತ್ತದೆ ಎಂದು ತಿಳಿಯಿತು. ಕಾಲೇಜಿನ ಹೆಸರು ಬೇಡ, ತಪ್ಪು ಅದರದ್ದಲ್ಲ. ಕೆಲವೇ ತಿಂಗಳ ಪಾಠ. ಯಂತ್ರ ಹೇಗಿರುತ್ತದೆ, ರೋಗಿಯನ್ನು ಹೇಗೆ ನಿಲ್ಲಿಸಬೇಕು, ಕತ್ತಲೆ ಕೋಣೆಯಲ್ಲಿ ಫಿಲ್ಮನ್ನು ಹೇಗೆ ತೊಳೆಯಬೇಕು—ಇಷ್ಟನ್ನು ಕಲಿಸಿ, ಈ ಕೆಲಸ ನಮಗೆ ಒಗ್ಗುತ್ತದೆಯೋ ಇಲ್ಲವೋ ನೋಡುವುದು. ಒಗ್ಗಿದವರಿಗೆ ಮುಂದೆ ಪೂರ್ತಿ ತರಬೇತಿ.

ಅಪ್ಪನಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು.

“ಫೋಟೋ ತೆಗಿಯೋ ಕೆಲ್ಸ ಏನಮ್ಮ?”

“ಮೂಳೆ ಫೋಟೋ ಕಣಪ್ಪ. ಒಳಗಿರೋದು ಕಾಣ್ತದೆ.”

“ಮುಖ ಇರುವಾಗ ಮೂಳೆ ಯಾಕಮ್ಮ ತೆಗಿಸ್ಕಂತಾರೆ?” ಎಂದು ಕೇಳಿದ ಅಪ್ಪ, ಒಂದು ವಾರದೊಳಗೆ ಕಡೂರಿನ ಕೊಬ್ಬರಿ ಮಂಡಿಯಲ್ಲಿ ಕೂತು, “ನಮ್ಮ ಜಯ ಮನುಷ್ಯನ ಒಳಗನ್ನೇ ನೋಡೋ ವಿದ್ಯೆ ಕಲಿಯಾಕೆ ಹೊಂಟವ್ಳೆ” ಎಂದು ಹೇಳುತ್ತಿದ್ದನಂತೆ.

ಕಡೂರಿನಲ್ಲಿ ನಾನು ರೈಲು ಹತ್ತಿದಾಗ, ಅಜ್ಜಂಪುರದಲ್ಲೇ ಹತ್ತಿದ್ದ ಹುಡುಗಿಯೊಬ್ಬಳು ಕಿಟಕಿ ಪಕ್ಕ ಕೂತಿದ್ದಳು. ನನ್ನ ಟ್ರಂಕು ನೋಡಿ, “ಏನೇ, ಗಂಡನ ಮನೆಗಾ?” ಎಂದಳು. ಇಬ್ಬರೂ ಹೊರಟಿದ್ದು ಅದೇ ತರಗತಿಗೆ ಎಂದು ತಿಳಿದು, ಸರಿದು ಜಾಗ ಕೊಟ್ಟಳು. ಅವಳೇ ಶಾರದ.

ಅವಳು ನನಗಿಂತ ಚುರುಕು. ಇದನ್ನು ಬರೆಯುವಾಗ ಈಗಲೂ ಕೈ ಸ್ವಲ್ಪ ತಡೆಯುತ್ತದೆ. ನಾನು ಪುಸ್ತಕವನ್ನು ಬಾಯಿಪಾಠ ಮಾಡುತ್ತಿದ್ದೆ; ಅವಳು ಯಂತ್ರದ ಮುಂದೆ ನಿಂತರೆ ಮೊದಲಿನಿಂದಲೂ ಅಲ್ಲೇ ಇದ್ದವಳ ಹಾಗೆ ಕಾಣುತ್ತಿದ್ದಳು. ಹುಡುಗಿಯರೆಂದರೆ ನಾವಿಬ್ಬರೇ. ಹೆಂಗಸರ ಕಡೆಯ ಕೆಲಸಕ್ಕೆ ಮುಂದೆ ಒಬ್ಬಳನ್ನು ತೆಗೆದುಕೊಂಡಾರು ಎಂಬ ಮಾತು ತರಗತಿಯಲ್ಲಿ ಓಡಾಡುತ್ತಿತ್ತು—ಮಾತು ಅಷ್ಟೆ, ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ.

ಸೇರಿದವರೆಲ್ಲರ ಎದೆಯ ಫಿಲ್ಮು ಆಗಬೇಕಿತ್ತು. ಕ್ಷಯ ಇದ್ದವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮೇಷ್ಟ್ರು ಅದನ್ನೇ ನಮ್ಮ ಅಭ್ಯಾಸವನ್ನಾಗಿ ಮಾಡಿದರು: ಒಬ್ಬರದನ್ನು ಇನ್ನೊಬ್ಬರು ತೆಗೆಯಬೇಕು. ಫಿಲ್ಮಿಗೆ ಅಭಾವ, ಕೆಡಿಸಿದವರಿಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಲೆಕ್ಕ, ಎಂದು ಮೊದಲೇ ಎಚ್ಚರಿಸಿದ್ದರು. ಹೆಂಗಸರಿಗೆ ಇನ್ನೊಂದು ನಿಯಮವಿತ್ತು. ಜಡೆಯನ್ನು ನೆತ್ತಿಯ ಮೇಲೆ ಎತ್ತಿ ಕಟ್ಟಬೇಕು. ಭುಜದ ಮೇಲೆ ಬಿದ್ದ ಜಡೆ, ಅದರಲ್ಲೂ ಒದ್ದೆ ಜಡೆ, ಫಿಲ್ಮಿನಲ್ಲಿ ಶ್ವಾಸಕೋಶದ ಮೇಲ್ತುದಿಯ ಕ್ಷಯದ ಹಾಗೆಯೇ ಕಾಣುತ್ತದೆ.

ಅಂದು ಶುಕ್ರವಾರ. ಶಾರದ ಮನೆಯ ಪದ್ಧತಿ ಬಿಡದೆ ಬೆಳಿಗ್ಗೆ ಸೀಗೆಕಾಯಿ ಹಾಕಿ ತಲೆಗೆ ನೀರು ಹಾಕಿಕೊಂಡಿದ್ದಳು. ಕೂದಲು ಆರಿರಲಿಲ್ಲ, ಸಡಿಲವಾಗಿ ಹೆಣೆದಿದ್ದಳು.

“ಎತ್ತಿ ಕಟ್ಟೇ” ಎಂದೆ.

“ಹಸಿ ಕೂದ್ಲು ಕಣೇ. ಈಗ್ ಕಟ್ಟಿದ್ರೆ ಸಂಜೆಗೆ ತಲೆ ಸಿಡಿತದೆ. ಹಿಂದಕ್ಕೆ ಬಿಟ್ಕಂತೀನಿ, ನೀನೇ ಸರಿ ಮಾಡು.”

ನಾನು ಸರಿ ಮಾಡಿದೆ. ನಡು ಬೆನ್ನಿಗೆ ಇಳಿಬಿಟ್ಟೆ. ಮರೆಯ ಹಿಂದೆ ಹೋಗಿ, ಉಸಿರು ಎಳೆದು ಹಿಡಿ ಎಂದೆ. ಅವಳು ಉಸಿರೆಳೆದು ಭುಜಗಳನ್ನು ಮುಂದಕ್ಕೆ ತಳ್ಳಿದಳು. ಗುಂಡಿ ಒತ್ತಿದ ಮೇಲೆ ಮರೆಯ ಗಾಜಿನಲ್ಲಿ ನೋಡಿದೆ—ಜಡೆ ಜಾರಿ ಬಲ ಭುಜದ ಮೇಲೆ ಕೂತಿತ್ತು. ಆಗಲೇ ಹೇಳಬಹುದಿತ್ತು. ಫಿಲ್ಮು ಕೆಟ್ಟಿತು, ಇನ್ನೊಂದು ಕೊಡಿ, ಎಂದರೆ ಆಗುತ್ತಿತ್ತು. ಇಷ್ಟರಿಂದ ಏನಾಗುತ್ತದೆ ಅಂದುಕೊಂಡೆ. ಅವಳಿಗೂ ಹೇಳಲಿಲ್ಲ.

ಎರಡು ದಿನ ಕಳೆದು ಕಾಲೇಜಿನ ಡಾಕ್ಟರು ಫಿಲ್ಮುಗಳನ್ನು ನೋಡಿದರು. ಶಾರದಳದನ್ನು ಬೆಳಕಿಗೆ ಹಿಡಿದು ತುಸು ಹೊತ್ತು ನೋಡಿ, ಬಲಗಡೆ ಮೇಲೆ ನೆರಳಿದೆ ಎಂದರು. ಮೇಷ್ಟ್ರು ನನ್ನತ್ತ ತಿರುಗಿದರು.

“ಇದು ನೀನು ತೆಗೆದದ್ದಲ್ಲವೇ? ಜಡೆ ಎತ್ತಿ ಕಟ್ಟಿತ್ತೇ?”

“ಕಟ್ಟಿತ್ತು ಸಾರ್.”

ಶಾರದ ಕೋಣೆಯಲ್ಲಿರಲಿಲ್ಲ. ಇದ್ದಿದ್ದರೆ... ಇಲ್ಲ, ಆ ದಾರಿ ಹಿಡಿಯುವುದಿಲ್ಲ. ಅವಳು ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ. ಫಿಲ್ಮು ಕೆಡಿಸಿದವಳು ಎಂದು ಕಳಿಸಿಬಿಟ್ಟಾರು ಎಂಬ ಹೆದರಿಕೆಯಿಂದ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ನಿಜ. ಆದರೆ ಅವಳು ಹೋದರೆ ಹುಡುಗಿಯೆಂದರೆ ನಾನೊಬ್ಬಳೇ ಎಂಬುದು ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದಿರಲೇ ಇಲ್ಲವೇ? ಬಂದಿತ್ತು.

ಕಫದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಶುರುವಿನಲ್ಲಿ ಸಿಗದೆಯೂ ಇರಬಹುದು ಎಂದರು. ಅಭಾವದ ಫಿಲ್ಮನ್ನು ಇನ್ನೊಮ್ಮೆ ಯಾರೂ ತೆಗೆಸಲಿಲ್ಲ; ಜಡೆಯನ್ನು ನಾನು ಸರಿ ಮಾಡಿದ್ದೇನೆಂದು ನಂಬಿದ್ದ ಶಾರದಳಿಗೂ ಅನುಮಾನ ಬರಲಿಲ್ಲ. ಅವಳ ತಂದೆ ಬಂದು ಕರೆದುಕೊಂಡು ಹೋದರು. ಹೊರಡುವಾಗ ಅವಳು ಬಾಗಿಲ ಆಚೆಯೇ ನಿಂತು, “ಹತ್ರ ಬರ್ಬೇಡ ಕಣೇ, ನಿಂಗೂ ಅಂಟಿಕೊಂಡಾತು” ಎಂದಳು. ನಾನು ಹತ್ತಿರ ಹೋಗಲಿಲ್ಲ.

ತರಗತಿ ಮುಗಿಯಿತು, ತರಬೇತಿ ಮುಗಿಯಿತು. ತರೀಕೆರೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಬಿಳಿ ಕೋಟು ಹಾಕಿಕೊಂಡು ಊರಿಗೆ ಹೋದರೆ ಹೆಂಗಸರು ತಮ್ಮ ಹುಡುಗಿಯರನ್ನು ಮುಂದೆ ತಳ್ಳಿ, “ನೋಡ್ರೇ, ಹಿಂಗ್ ಓದ್ಬೇಕು” ಎನ್ನುತ್ತಿದ್ದರು. ಅಜ್ಜಂಪುರದ ಬಸ್ಸು ಆಸ್ಪತ್ರೆಯ ಮುಂದೆಯೇ ಹಾದು ಹೋಗುತ್ತಿತ್ತು. ನಾನು ಒಂದು ಸಲವೂ ಹತ್ತಲಿಲ್ಲ.

ಹಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅದೇ ಬಸ್ಸಿನಿಂದ ಶಾರದಳೇ ಇಳಿದಳು, ತಾಯಿಯ ಜೊತೆ. ತೆಳ್ಳಗಾಗಿದ್ದಳು. ನನ್ನನ್ನು ಕಂಡು, “ಏನ್ ಡಾಕ್ಟ್ರಮ್ಮ, ಗುರುತು ಸಿಕ್ತಾ?” ಎಂದು ನಕ್ಕಳು. ತಾಯಿ ನನ್ನ ಕೈ ಹಿಡಿದುಕೊಂಡರು.

“ನೀನು ಇವಳ ಗೆಳತಿ ಅಂತ ಬಂದೆ ಕಣವ್ವ. ಅಷ್ಟೊಂದು ಸೂಜಿ ಚುಚ್ಚಿಸ್ಕಂಡ್ಲು. ಬಂದ ಗಂಡುಗಳೆಲ್ಲ ವಿಷಯ ಕೇಳಿ ತಿರುಗಿ ನೋಡ್ಲಿಲ್ಲ. ಅದು ಹಾಳಾಗ್ಲಿ, ಈಗ ಮಗನ ಮನೇಲಿ ಕೂಸು ಹುಟ್ಟೈತೆ. ಸೊಸೆ ಇವಳ ಕೈಗೆ ಕೊಡಲ್ಲ. ಒಂದ್ ಫೋಟೋ ತೆಗ್ದು ಹೋಗೈತೋ ಇಲ್ವೋ ಹೇಳವ್ವ.”

ಜಡೆ ನಾನೇ ಎತ್ತಿ ಕಟ್ಟಿದೆ. ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ ಎರಡು ಶ್ವಾಸಕೋಶಗಳೂ ತೊಳೆದಿಟ್ಟಷ್ಟು ಸ್ವಚ್ಛ. ಕ್ಷಯ ವಾಸಿಯಾದರೂ ಎಲ್ಲೋ ಒಂದು ಕಲೆ ಬಿಟ್ಟುಹೋಗುವುದೇ ಹೆಚ್ಚು. ಇಲ್ಲಿ ಕೂದಲೆಳೆಯಷ್ಟೂ ಇರಲಿಲ್ಲ. ನಮ್ಮ ಡಾಕ್ಟರು ನೋಡಿ, “ಔಷಧ ಚೆನ್ನಾಗಿ ಹಿಡಿದಿದೆ, ಪೂರ್ತಿ ವಾಸಿ ಅಂತ ಹೇಳಿ ಕಳಿಸಿ” ಎಂದರು.

ಅಲ್ಲಿಗೆ ನನ್ನ ತಪ್ಪು ತಾನಾಗಿಯೇ ಮುಚ್ಚಿಹೋಗುತ್ತಿತ್ತು. ವಾಸಿಯಾಗಿದೆ—ಅಷ್ಟು ಹೇಳಿದ್ದರೆ ತಾಯಿ ಕೈ ಮುಗಿಯುತ್ತಿದ್ದರು, ಶಾರದ ಕೂಸನ್ನು ಎತ್ತಿಕೊಳ್ಳುತ್ತಿದ್ದಳು, ನಾನು ಒಳ್ಳೆಯ ಗೆಳತಿಯಾಗುತ್ತಿದ್ದೆ. ಫಿಲ್ಮು ಹಿಡಿದುಕೊಂಡು ಹೊರಗೆ ಬರುವಾಗ ಅದನ್ನೇ ಹೇಳಲು ಬಾಯಿ ಸಿದ್ಧವಾಗಿತ್ತು. ಆದರೆ ವಾಸಿಯಾದ ಕ್ಷಯವೂ ಕ್ಷಯವೇ. ಬಿಟ್ಟುಬಂದ ತರಗತಿಯ ಬಾಗಿಲು ಅವಳಿಗೆ ಮತ್ತೆ ತೆರೆಯುವುದಿಲ್ಲ, ಮನೆಯವರ ಮನಸ್ಸಿನ ಮೂಲೆಯ ಅನುಮಾನವೂ ಹೋಗುವುದಿಲ್ಲ. ಬೆಂಚಿನ ಮೇಲೆ ಕೂತ ತಾಯಿ, “ಹೋಗೈತೆ ತಾನೇ? ಅಂತರಘಟ್ಟಮ್ಮನಿಗೆ ಹಣ್ಣುಕಾಯಿ ಮಾಡಿಸ್ತೀನಿ” ಎನ್ನುತ್ತಿದ್ದರು.

“ಹೋಗಿರೋದಲ್ಲ ಅವ್ವ” ಎಂದೆ. “ಇರ್ಲೇ ಇಲ್ಲ.”

ಅವರಿಗೆ ಅರ್ಥವಾಗಲಿಲ್ಲ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಶುಕ್ರವಾರದ ಒದ್ದೆ ಕೂದಲು, ಗಾಜಿನಲ್ಲಿ ಕಂಡ ಜಡೆ, ಮೇಷ್ಟ್ರ ಪ್ರಶ್ನೆ, ನನ್ನ ಉತ್ತರ.

ಶಾರದ ನೆಲ ನೋಡುತ್ತಾ ಕೇಳಿಸಿಕೊಂಡಳು.

“ನಿಂಗೆ ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ಬಾಗ್ಲಾಗೆ ನಿಂತ್ಕಂಡು ಹತ್ರ ಬರ್ಬೇಡ ಅಂದಾಗ್ಲೂ?”

“ಆಗ್ಲೂ.”

ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಎದೆಯ ಮೇಲೆ ಕೈಯಿಟ್ಟು ಒಂದು ಉದ್ದ ಉಸಿರು ಎಳೆದು ಬಿಟ್ಟಳು—ಒಳಗೆ ಏನೂ ಮುರಿಯುವುದಿಲ್ಲ ಎಂದು ಪರೀಕ್ಷಿಸುವವಳ ಹಾಗೆ. ಸಿಟ್ಟು ಆಮೇಲೆ ಬಂತು. ತಾಯಿಗೆ ಮೊದಲು ಬಂತು. ಅವರು ಆಡಿದ ಮಾತುಗಳನ್ನು ಬರೆಯುವುದಿಲ್ಲ, ಆದರೆ ಒಂದೂ ಹೆಚ್ಚಾಗಿರಲಿಲ್ಲ. ಶಾರದ ತಾಯಿಯನ್ನು ತಡೆದು ನನಗೆ ಹೇಳಿದಳು:

“ಇಲ್ಲಿ ನಂಗೆ ಹೇಳಿದ್ರೆ ಮುಗಿಯಾಕಿಲ್ಲ. ಬಸ್ ಹತ್ತು. ನಮ್ಮನೆ ಜಗಲಿ ಮ್ಯಾಲೆ ನಿಂತು, ಎಲ್ರಿಗೂ ಕೇಳೋ ಹಂಗೆ ಹೇಳು.”

ಡಾಕ್ಟರಿಗೆ ವಿಷಯ ತಿಳಿಸಿ, ರಜೆ ಕೇಳಿ ಹತ್ತಿದೆ. ಅಜ್ಜಂಪುರದ ಪಕ್ಕದ ಅವಳ ಹಳ್ಳಿಯಲ್ಲಿ, ಮನೆಯ ಜಗಲಿಯ ಮೇಲೆ, ಅಣ್ಣ, ಅತ್ತಿಗೆ, ತಂದೆ, ಬೇಲಿಯಾಚೆಯ ಮನೆಯವರು ಎಲ್ಲರ ಮುಂದೆ ಹೇಳಿದೆ. “ಇಷ್ಟು ಓದಿದೋಳು ಇಂಥ ಕೆಲ್ಸ ಮಾಡಿದ್ಯಾ?” ಎಂದರು ಅಣ್ಣ. ಮಾಡಿದೆ ಎಂದೆ. ಅತ್ತಿಗೆ ಒಳಗೆ ಹೋಗಿ, ಮಲಗಿದ್ದ ಕೂಸನ್ನು ಎತ್ತಿಕೊಂಡು ಬಂದು ಶಾರದಳ ಮಡಿಲಿಗೆ ಹಾಕಿದಳು. ಕೂಸು ಹೊಸ ಮುಖ ಕಂಡು ಅಳತೊಡಗಿತು. ಶಾರದಳಿಗೆ ಅದನ್ನು ಹೇಗೆ ಹಿಡಿದುಕೊಳ್ಳಬೇಕೆಂದು ಗೊತ್ತಾಗಲಿಲ್ಲ. “ತಲೆ ಹಿಡಿಯೇ, ತಲೆ” ಎಂದು ತಾಯಿ ಗದರಿದರು. ಯಾರೋ ನಕ್ಕರು. ನಾನಲ್ಲಿ ನಿಲ್ಲುವ ಅಗತ್ಯವಿರಲಿಲ್ಲ. ಮೆಟ್ಟಿಲಿಳಿದು ಬಸ್ಸಿನ ದಾರಿ ಹಿಡಿದೆ. ಬಹಳ ವರ್ಷಗಳ ಮೇಲೆ, ಆ ದಾರಿಯಲ್ಲಿ, ನನಗೆ ಹಸಿವಾಯಿತು.

ಊರಿಗೆ ಹೋಗಿ ಅಪ್ಪನಿಗೂ ಹೇಳಿದೆ. ಅಪ್ಪ ದನಕ್ಕೆ ಹುಲ್ಲು ಹಾಕುತ್ತಾ ಕೇಳಿ, “ಒಳಗೆ ನೋಡೋ ವಿದ್ಯೆ ಅಂತ ಎಲ್ರಿಗೂ ಹೇಳ್ಕಂಡ್ ತಿರುಗಿದೆ” ಎಂದ. ಅದೊಂದೇ ಮಾತಿಗೆ ನಾನು ಅತ್ತದ್ದು.

ಕಾಲೇಜಿಗೆ ಶಾರದಳ ಜೊತೆ ಹೋದೆ. ಮೇಷ್ಟ್ರು ಇನ್ನೂ ಅಲ್ಲಿದ್ದರು. ನಾನು ಹೇಳಿ ಮುಗಿಸಿದ ಮೇಲೆ ನನ್ನನ್ನು ಹೊರಗೆ ಕಳಿಸಿ, ಅವಳನ್ನು ಕೂರಿಸಿ ಮಾತಾಡಿದರು. ಮುಂದಿನ ಪರಿಚಯದ ತರಗತಿಗೆ ಸೇರಿಸಿಕೊಂಡರು. ನನ್ನ ಆಸ್ಪತ್ರೆಯವರು ಛೀಮಾರಿ ಹಾಕಿ, ಕೆಲಸದಲ್ಲಿ ಉಳಿಸಿಕೊಂಡರು. ಉಳಿಸಿಕೊಳ್ಳಬೇಕೆಂದು ನಾನು ಕೇಳಿರಲಿಲ್ಲ.

ತನಗಿಂತ ಚಿಕ್ಕವರ ಜೊತೆ ಕೂತು ಶಾರದ ಆ ತರಗತಿಯನ್ನು ಮುಗಿಸಿದಳು. ಎಲ್ಲರಿಗಿಂತ ಚೆನ್ನಾಗಿ ಮಾಡಿದಳಂತೆ. ಆದರೆ ತರಬೇತಿಗೆ ಸೇರಲಿಲ್ಲ. ಊರಿಗೆ ವಾಪಸು ಹೋಗುವಾಗ ರೈಲು ಕಡೂರಿನಲ್ಲಿ ನಿಂತಿತು. ಅವಳು ಹೇಳಿಕಳಿಸಿದ್ದರಿಂದ ನಾನು ಪ್ಲಾಟ್‌ಫಾರ್ಮಿಗೆ ಹೋಗಿದ್ದೆ. ಕಿಟಕಿಯಿಂದಲೇ ಮಾತಾಡಿದಳು.

“ಆ ಕತ್ತಲೆ ಕೋಣೆ, ಆ ಔಷಧದ ವಾಸನೆ, ನಂಗೆ ಹಿಡಿಸ್ಲಿಲ್ಲ ಕಣೇ. ಅಜ್ಜಂಪುರದಾಗೆ ಸ್ಕೂಲ್ ಮೇಡಂ ಕೆಲ್ಸ ನೋಡ್ತೀನಿ. ಕೂಗಾಡೋ ಮಕ್ಳ ಜೊತೆ ಇರ್ತೀನಿ.”

ನನ್ನ ಮುಖ ಹೇಗಾಯಿತೋ, ಅವಳೇ ಮುಂದುವರಿಸಿದಳು. “ನಿನ್ನಿಂದ ಬಿಟ್ಟೆ ಅಂತ ಅಂದ್ಕಬೇಡ. ಹೋದ್ಸಲ ನೀನು ಬಿಡಿಸಿದ್ದು. ಈ ಸಲ ನಾನ್ ನೋಡ್ದೆ, ನಂಗ್ ಬ್ಯಾಡ ಅನ್ನಿಸ್ತು, ನಾನೇ ಬಿಟ್ಟೆ.”

ರೈಲು ಹೊರಟಿತು. ಅವಳು ಕೈ ಬೀಸಲಿಲ್ಲ, ಮುಖ ತಿರುಗಿಸಿಕೊಳ್ಳಲೂ ಇಲ್ಲ.

ಈಗ ನಾವು ಗೆಳತಿಯರಲ್ಲ. ಎದುರಾದರೆ ಮಾತಾಡುತ್ತೇವೆ. ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಕ್ಷಮಿಸುವ ಭಾರವೂ ಅವಳ ಮೇಲೆ ಬೀಳುತ್ತದೆ. ಅವಳ ಯೌವನದ ಅಷ್ಟು ವರ್ಷಗಳನ್ನು ನಾನು ತೆಗೆದುಕೊಂಡೆ, ಅವು ಯಾವ ಜಗಲಿಯ ಮೇಲೆ ನಿಂತು ಹೇಳಿದರೂ ಹಿಂದಿರುಗುವುದಿಲ್ಲ. ಇಷ್ಟಾದರೂ ನಿಜ ಹೇಳಬೇಕೆಂದರೆ, ಆ ದಿನದಿಂದ ನಾನು ಹಗುರವಾಗಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತದೆ. ಇದನ್ನು ಓದುವ ನಿಮಗೆ ಹೇಳುತ್ತಿದ್ದೇನೆ. ಅವಳಿಗೆ ಮಾತ್ರ ಹೇಳಿಲ್ಲ, ಹೇಳುವುದೂ ಇಲ್ಲ.