ಹೆಣ್ಣು ಮರಿಗೆ ಮನೆ ಎಲ್ಲಿ?

ಎಪ್ಪತ್ತರ ದಶಕದ ಆ ದಿನಗಳಲ್ಲಿ, ನಮ್ಮ ಪೋತ್ನಾಳದಲ್ಲಿ ನಾಯಿಗೆ ಮರಿ ಹಾಕಿಸಬೇಕೋ ಬೇಡವೋ ಎಂದು ಯಾರೂ ಕುಳಿತು ಯೋಚಿಸುತ್ತಿರಲಿಲ್ಲ. ಬೆದೆಗೆ ಬಂತು, ಗಂಡು ಬಂತು, ಮರಿ ಹಾಕಿತು, ಮುಗೀತು. ಯೋಚಿಸಿದವಳು ನಾನು. ಅದಕ್ಕೇ ಊರ ತುಂಬ ಗಂಡುಬೀರಿ ಎಂದು ಹೆಸರು ಬಿತ್ತು. ಬೀಳಲಿ ಬಿಡಿ.

ನಮ್ಮದು ಕುರಿ ಕಾಯುವ ಮನೆತನ. ಹಟ್ಟಿ ಕಾಯಲು ಕೆಂಪಿ ಎಂಬ ಹೆಣ್ಣು ನಾಯಿ ಇತ್ತು. ಉದ್ದ ಕಾಲು, ಸಣ್ಣ ನಡು. ತೋಳದ ಬೆನ್ನು ಬಿದ್ದರೆ ಬಿಡುತ್ತಿರಲಿಲ್ಲ. ಅದರ ಮರಿ ಬೇಕೆಂದು ಮಾನ್ವಿಯವರೆಗೂ ಜನ ನಮ್ಮ ಕಾಕಾನಿಗೆ ಹೇಳಿಟ್ಟಿದ್ದರು. ಮೊದಲ ಸಲ ಹಾಕಿದಾಗ ಗಂಡು ಮರಿಗಳನ್ನಷ್ಟೇ ಉಳಿಸಿಕೊಂಡು, ಇನ್ನೂ ಕಣ್ಣು ತೆರೆಯದ ಹೆಣ್ಣು ಮರಿಗಳನ್ನು ಕಾಕಾ ಗೊಬ್ಬರದ ಚೀಲಕ್ಕೆ ತುಂಬಿ ಕಾಲುವೆಗೆ ಬಿಟ್ಟು ಬಂದ. ಕೆಂಪಿ ಹಾಲು ಕುಡಿಸುವುದನ್ನೂ ಬಿಟ್ಟು ಎದ್ದೆದ್ದು ಹೋಗಿ ಕಾಲುವೆ ದಂಡೆ ಮೂಸುತ್ತಿತ್ತು. ನಾನು ಹಾಲಿನಲ್ಲಿ ನೆನೆಸಿಟ್ಟ ಸಜ್ಜೆ ರೊಟ್ಟಿಯನ್ನೂ ಅದು ಮುಟ್ಟಲಿಲ್ಲ. ಅವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮರುವರ್ಷ ಭತ್ತದ ರಾಶಿಯ ಕಾಲ. ಊರೆಲ್ಲ ಹೊಸ ಹುಲ್ಲಿನ ವಾಸನೆ. ಕಣದ ಅಂಚಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಗ ಕೆಂಪಿ ಬೆದೆಗೆ ಬಂದ ಸುದ್ದಿ ಸಿಕ್ಕಿತು. ಕಾಕಾ ಹೆಂಡತಿಯ ತವರು ದೇವದುರ್ಗದಿಂದ ಗಂಡು ನಾಯಿ ತರಲು ಬಸ್ಸು ಹತ್ತಿದ್ದ. ನಾನು ಬಿಲ್ಲೆ ಒಗೆದು ಮನೆಮನೆ ತಿರುಗಿದೆ.

"ಕೆಂಪಿ ಹೆಣ್ಣು ಮರಿ ಹಾಕಿದ್ರ ಒಂದು ತಗೋತೀರೇನ್ರೀ?"

"ಗಂಡಿದ್ರ ಕೊಡವಾ," ಎಂದಳು ಬಳೆ ಅಂಗಡಿಯ ಬೀಬಿ. "ಹೆಣ್ಣು ಕಟಗೊಂಡು ವರ್ಷಾ ವರ್ಷಾ ಬಾಣಂತನ ಯಾರು ಮಾಡಬೇಕು?"

ಹೋದಲ್ಲೆಲ್ಲ ಅದೇ ಮಾತು.

ಕಾಕಾ ನಾಯಿ ಹಿಡಿದು ಬರುವ ಹೊತ್ತಿಗೆ ನಾನು ಕೆಂಪಿಯನ್ನು ಒಳಗೆ ಕೂಡಿ ಹಾಕಿ, ಕದ ಮುಚ್ಚಿ, ಹೊಸ್ತಿಲ ಮೇಲೆ ಕುಳಿತಿದ್ದೆ.

"ಏಳಬೇ ಮ್ಯಾಲ. ನಾಯಿ ಸಂಸಾರದಾಗ ನಿಂದೇನ್ ಅದ?"

"ಹೆಣ್ಣು ಮರಿ ಯಾರಿಗೂ ಬ್ಯಾಡಂತ. ಕೇಳಿ ಬಂದೀನಿ. ಮರಿ ಹಾಕಸೂದು ಬ್ಯಾಡ."

"ಕಾಲುವಿ ಏನು ಬತ್ತಿಲ್ಲ, ಏಳು."

ಅಪ್ಪ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಒಳಗೆ ಶೇಂಗಾ ಚಟ್ನಿ ಕುಟ್ಟುತ್ತಿದ್ದ ಅವ್ವ ಖಾರ ಹತ್ತಿದ ಕೈಯಲ್ಲೇ ಹೊರಗೆ ಬಂದಳು. ನಾವು ಮಕ್ಕಳೆಲ್ಲ ಹೆಣ್ಣೇ ಆದದ್ದಕ್ಕೆ ಇದೇ ಕಾಕಾನ ಬಾಯಿಂದ ಏನೇನೋ ಕೇಳಿಯೂ ಸುಮ್ಮನಿದ್ದವಳು. ಹೊಸ್ತಿಲ ಮೇಲೆ ಕೂಡಬಾರದೆಂದು ದಿನಾ ನನ್ನನ್ನು ಬೈಯುತ್ತಿದ್ದವಳು ಅವತ್ತು ತಾನೇ ನನ್ನ ಪಕ್ಕ ಕುಳಿತಳು.

"ಮೊದಲು ಹೆಣ್ಣು ಮರಿಗಿ ಮನಿ ಹುಡುಕಿ ಬಾರಪ್ಪಾ. ಆಮ್ಯಾಲ ಕದ ತಗೀತೀನಿ."

ಕಾಕಾ ಅತ್ತಿಗೆಯ ಮುಖ ನೋಡಿ, ತಂದ ನಾಯಿಯನ್ನು ಎಳೆದುಕೊಂಡು ಹೋದ. ಬೆದೆ ಇಳಿಯುವವರೆಗೂ ನಾನು, ಅವ್ವ ಪಾಳಿಯ ಮೇಲೆ ಬಾಗಿಲು ಕಾದೆವು. ಆಮೇಲೂ ಪ್ರತಿ ಸಲ ಕಾದೆವು. ಕೆಂಪಿ ಮುದಿಯಾಗಿ ನನ್ನ ಕಾಲ ಬಳಿಯೇ ಸತ್ತಿತು.

ಈಗ ನಮ್ಮ ಕಡೆ ಅಂಥ ನಾಯಿ ಹುಡುಕಿದರೂ ಇಲ್ಲ. ರಾಯಚೂರಿನ ನಮ್ಮ ಮನೆಗೆ ಬಂದ ನೆಂಟರು, "ಎಂಥಾ ತಳಿ ಇತ್ತು, ನಿನ್ನ ಹಟದಿಂದ ಹೋತು" ಎನ್ನುತ್ತಾರೆ. ಆ ಓಟ ಇನ್ನೊಮ್ಮೆ ನೋಡಬೇಕೆಂದು ನನಗೂ ಆಸೆಯಾಗುತ್ತದೆ. ಆದರೂ ಹೇಳುತ್ತೇನೆ:

"ಕೆಂಪಿಯಂಥಾ ನಾಯಿ ಹುಟ್ಟಾಕ ಕೆಂಪಿಯಂಥಾ ಹೆಣ್ಣು ಬೇಕಿತ್ತಲ್ರೀ. ಅವನ್ನ ಚೀಲದಾಗ ತುಂಬಿ ಕಾಲುವಿಗಿ ಬಿಟ್ರಿ. ಅಲ್ಲೇ ಹೋಗಿ ಹುಡುಕ್ರಿ."