ಅಮ್ಮನನ್ನು ಬೋರಲು ಮಲಗಿಸಿದ ಅಕ್ಕ

ಅಮ್ಮ ಚಾಪೆಯ ಮೇಲೆ ಮಲಗಿದ್ದರೋ ಮಂಚದ ಮೇಲೋ, ಈಗ ಖಚಿತವಾಗಿ ಹೇಳಲಾರೆ. ಇನ್ನೂ ಕೆಲವು ವಿವರಗಳು ತಪ್ಪಿರಬಹುದು. ಕೊರೊನಾ ಎರಡನೇ ಅಲೆಯ ಒಂದು ಮಧ್ಯಾಹ್ನ. ಹಾಸನದ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶ ತಜ್ಞೆಯಾಗಿರುವ ಅಕ್ಕ ಮೂರು ವಾರಗಳ ಬಳಿಕ ಚನ್ನರಾಯಪಟ್ಟಣದ ಮನೆಗೆ ಬಂದಿದ್ದಳು. ಸ್ನಾನ ಮುಗಿಸಿ ಹಜಾರಕ್ಕೆ ಬಂದವಳೇ, ನಿದ್ದೆಯಲ್ಲಿದ್ದ ಅಮ್ಮನ ಭುಜ, ಸೊಂಟ ಹಿಡಿದು ಬೋರಲು ಮಲಗಿಸಿದಳು. ಉಸಿರಾಡಲು ಕಷ್ಟಪಡುವ ಕೋವಿಡ್ ರೋಗಿಗಳನ್ನು ವಾರ್ಡಿನಲ್ಲಿ ಹಾಗೆ ಮಲಗಿಸುತ್ತಿದ್ದರು. ಆಮೇಲೆ ಅಮ್ಮನ ಬೆರಳು ಹಿಡಿದು, ಆಕ್ಸಿಜನ್ ನೋಡುವ ಕ್ಲಿಪ್ಪಿಗಾಗಿ ಸುತ್ತ ತಡಕಾಡಿದಳು.

“ಏನೇ ಇದು! ನಂಗೇನೂ ಆಗಿಲ್ಲ ಕಣೇ, ಮುದ್ದೆ ಉಂಡು ಮಲ್ಗಿದೀನಿ ಅಷ್ಟೆ!” ಅಮ್ಮ ದಿಂಬಿಗೆ ಮುಖ ಒತ್ತಿಕೊಂಡೇ ಬೈದರು. ನಾನು ಜೋರಾಗಿ ನಕ್ಕುಬಿಟ್ಟೆ. ಅದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಅಕ್ಕ ನಗಲಿಲ್ಲ. ಅಮ್ಮನ ಬೆರಳನ್ನು ಇನ್ನೂ ಹಿಡಿದೇ ಇದ್ದಳು.

“ನಾಕು ದಿನ ರಜ ಹಾಕಕ್ಕಾ,” ಎಂದೆ.

“ಇರೋದೇ ಇಬ್ರು ಡಾಕ್ಟ್ರು ಕಣೇ. ನಾನೂ ಇಲ್ಲೇ ಕೂತ್ಬುಟ್ರೆ ವಾರ್ಡಲ್ಲಿರೋರ್ನ ಯಾರು ನೋಡ್ತಾರೆ?” ಎಂದವಳು ಸಂಜೆಗೆ ಮುಂಚೆಯೇ ಹೊರಟುಹೋದಳು.

ಈಗ ಚೆನ್ನಾಗಿದ್ದೇನೆ ಎನ್ನುತ್ತಾಳೆ. ಕಳೆದ ತಿಂಗಳು ಧೈರ್ಯ ಮಾಡಿ ಕೇಳಿದೆ: “ಅಕ್ಕಾ, ಅವತ್ತು ಅಮ್ಮನ್ನ ಯಾರು ಅಂದ್ಕೊಂಡಿದ್ದೆ?” “ಅಮ್ಮಂಗೆ ಫೋನ್ ಕೊಡು,” ಎಂದಳು.